ಒಸಿ ಜೋರಾಗಿ ಒತ್ತಿ ಸಾ

ದಸರಾ ಹತ್ರ ಬಂತು ಅಂದ್ರೆ ನನ್ನ ಹತ್ರ ಬರೋರೆಲ್ಲ ಒಂದೇ ಜಾಗ ತೋರ್ಸೋಕೆ ಶುರು ಮಾಡ್ತಾರೆ, ತೊಡೆಸಂದು. ಅದೂ ನಾಚ್ಕೊಂಡು, ಬಾಗ್ಲು ಹಾಕಿದ್ಯಾ ಅಂತ ತಿರುಗಿ ನೋಡ್ಕೊಂಡು. ಮಂಡ್ಯ ಕಡೆ ಕಬಡ್ಡಿ ಹುಡುಗ್ರು, ಇಲ್ಲೇ ಮೈಸೂರಿನ ಗರಡಿ ಪೈಲ್ವಾನ್ರು, ಬೆಳಗ್ಗೆ ಚಾಮುಂಡಿ ಬೆಟ್ಟದ ಮೆಟ್ಲು ಓಡಿ ಹತ್ತೋ ಶೋಕಿಯವ್ರು. ಮಲಗಿದ ತಕ್ಷಣ ಎಲ್ರದ್ದೂ ಒಂದೇ ಮಾತು: "ಹಿಡ್ಕಂಬುಟ್ಟದೆ ಸಾ, ಒಸಿ ಜೋರಾಗಿ ಒತ್ತಿ."

ಒತ್ತೋದೇ ನನ್ನ ಹೊಟ್ಟೆಪಾಡು, ಬೇಡ ಅಂತ ಯಾಕೆ ಹೇಳ್ಲಿ. ಆದ್ರೆ ಇದೊಂದು ವಿಷ್ಯ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ, ಅದಕ್ಕೆ ಬರೆದೇ ಬಿಡ್ತೀನಿ. ಹಿಡ್ಕೊಂಡಿದೆ ಅನ್ಸೋದು ಬೇರೆ, ಸ್ನಾಯು ನಿಜವಾಗ್ಲೂ ಗಿಡ್ಡ ಆಗಿರೋದು ಬೇರೆ. ಕಾಲನ್ನ ಒಳಕ್ಕೆ ಎಳ್ಕೊಳ್ಳೋ ಸ್ನಾಯುಗಳಿವೆಯಲ್ಲ, ಅಡಕ್ಟರ್ಸ್, ಅವಕ್ಕೆ ತಾಕತ್ತಿಗಿಂತ ಜಾಸ್ತಿ ಕೆಲ್ಸ ಬಿದ್ದಾಗ ನೋವು ಬರುತ್ತೆ, ನೋವಿದ್ರೆ ದೇಹ ಆ ಜಾಗನ ಬಿಗಿ ಹಿಡಿದು ಕಾಯುತ್ತೆ, ನಿಮಗೆ ಅನ್ಸೋದು ಆ ಬಿಗಿ. ನಾನು ಒತ್ತಿದ್ರೆ ನರಮಂಡಲ ಸ್ವಲ್ಪ ಹೊತ್ತು ಸಮಾಧಾನ ಆಗುತ್ತೆ, ಕೆಲವ್ರಿಗೆ ಒಂದು ಗಂಟೆ, ಕೆಲವ್ರಿಗೆ ಒಂದು ದಿನ. ಆದ್ರೆ ಸ್ನಾಯುವಿಗೆ ಒಂದು ಗ್ರಾಮು ಬಲಾನೂ ಸೇರಲ್ಲ. ಕಬ್ಬಿನ ಗಾಡಿ ಅಚ್ಚು ಕಿರ್ರ್ ಅಂತಿದೆ ಅಂತ ಕೀಲೆಣ್ಣೆ ಬಿಟ್ರೆ ಸದ್ದು ನಿಲ್ಲುತ್ತೆ, ಅಚ್ಚು ಗಟ್ಟಿಯಾಗುತ್ತಾ? ಸದ್ದು ನಿಂತಿದೆ ಅಂತ ಇನ್ನೊಂದು ಟನ್ ಹೇರ್ಕೊಂಡು ಹೋಗೋರು ನೀವು!

ಕಳೆದ ವರ್ಷ ಪಾಂಡವಪುರ ಕಡೆಯಿಂದ ಒಬ್ಬ ಕಬಡ್ಡಿ ರೈಡರ್ ಬಂದಿದ್ದ. ಮೂರು ತಿಂಗಳಿಂದ ಪ್ರತಿ ಶನಿವಾರ ಯಾರ ಹತ್ರಾನೋ ಎಣ್ಣೆ ಹಾಕಿ ನೀವಿಸ್ಕೊಳ್ಳೋದು, ಭಾನುವಾರ ಫ್ಲಡ್‌ಲೈಟಲ್ಲಿ ಆಡೋದು, ಸೋಮವಾರ ಬೈಕಿಗೆ ಕಾಲೆತ್ತಿ ಹಾಕೋಕಾಗದೆ ಒದ್ದಾಡೋದು. ಮಂಡಿ ಮಡಚಿ ಮಲಗಿಸಿ, ಎರಡು ಮಂಡಿ ಮಧ್ಯೆ ನನ್ನ ಮುಷ್ಟಿ ಇಟ್ಟು ಹಿಂಡಪ್ಪಾ ಅಂದೆ. ಕೋಳಿ ಕಳ್ಳನ ಥರ ಮುಖ ಮಾಡ್ಕೊಂಡ, ಬಲಾನೇ ಇಲ್ಲ. "ಇನ್ನೂರು ಬಸ್ಕಿ ಹೊಡೀತೀನಿ ಸಾ ನಾನು!" ಅಂತ ರೋಷ ಬೇರೆ. ಬಸ್ಕಿ ಒಳ್ಳೇದೇ, ಯಾರು ಬೇಡ ಅಂದ್ರು, ಆದ್ರೆ ಬೋನಸ್ ಲೈನ್ ಕಡೆಗೆ ಕಾಲು ಚಾಚಿದಾಗ ಹಿಂದಿಂದ ಒಬ್ಬ ತೊಡೆ ಹಿಡಿದು ಎಳೀತಾನಲ್ಲ, ಆಗ ಕಾಲನ್ನ ವಾಪಸ್ ಎಳ್ಕೊಳ್ಳೋ ಬಲ ಬಸ್ಕಿಯಿಂದ ಪೂರ್ತಿ ಬರಲ್ಲ.

ಇದು ನನ್ನ ತಲೆಗೆ ಹೊಳೆದ ಬುದ್ಧಿ ಏನಲ್ಲ. 1999ರಲ್ಲೇ ಡೆನ್ಮಾರ್ಕಿನವ್ರು ಇಂಥ ಹಳೇ ನೋವಿರೋ 68 ಆಟಗಾರ್ರನ್ನ ಎರಡು ಗುಂಪು ಮಾಡಿ ನೋಡಿದ್ರು, ಒಂದು ಗುಂಪಿಗೆ ವ್ಯಾಯಾಮ, ಇನ್ನೊಂದಕ್ಕೆ ಫ್ರಿಕ್ಷನ್ ಮಸಾಜು, ಸ್ಟ್ರೆಚಿಂಗು, ಲೇಸರು, ಕರೆಂಟು. ನೋವಿಲ್ದೆ ಮೊದಲಿನ ಮಟ್ಟಕ್ಕೆ ಆಟಕ್ಕೆ ವಾಪಸ್ ಹೋದೋರು ಮೊದಲ್ನೇ ಗುಂಪಲ್ಲಿ 23, ಎರಡನೇದ್ರಲ್ಲಿ 4. ಈ ನಾಲ್ಕನ್ನ ಓದಿದಾಗ ಕೈ ಕಟ್ಕೊಂಡು ಕೂತಿದ್ದೆ ನಾನು.

ಹಂಗಂತ ಒತ್ತೋದು ದಂಡ ಅಲ್ಲ, ನೋವು ತಗ್ಗಿರೋ ಹೊತ್ತನ್ನ ವ್ಯಾಯಾಮಕ್ಕೆ ಬಳಸ್ಕೊಂಡ್ರೆ ಉಪಯೋಗಾನೇ. ಆದ್ರೆ ತೊಡೆ ಮಧ್ಯದ ಮಾಂಸದಲ್ಲಿ, ಹದವಾಗಿ. ಮೇಲೆ ಮೂಳೆಗೆ ಅಂಟೋ ಕಡೆ ಮೊಣಕೈ ಹಾಕಿ ಅರೆದ್ರೆ ಕೆರಳುತ್ತೆ ಅಷ್ಟೇ. ಸಂದಿನ ಮುಂಭಾಗದಲ್ಲಿ ಕಾಲಿನ ದೊಡ್ಡ ರಕ್ತನಾಳ, ನರ ಎಲ್ಲ ಚರ್ಮದಿಂದ ಹೆಚ್ಚು ಆಳದಲ್ಲಿಲ್ಲ, ಅಲ್ಲಿ ಯಾರೋ ಹೆಬ್ಬೆರಳಲ್ಲಿ "ನರ ಕೂರಿಸ್ತೀನಿ" ಅಂದ್ರೆ ಚಡ್ಡಿ ಎತ್ಕೊಂಡು ಎದ್ದುಬನ್ನಿ.

ಇನ್ನೊಂದು, ತೊಡೆಸಂದಿನ ನೋವೆಲ್ಲಾ ಇದೇ ಅಲ್ಲ. ನಾವು ಸೊಂಟ ಅನ್ನೋದು ಬೆನ್ನಿನ ಬುಡಕ್ಕೆ, ಆದ್ರೆ ತೊಡೆಮೂಳೆ ಸೇರೋ ಹಿಪ್ ಕೀಲು ಕೆಟ್ರೆ ನೋವು ಬರೋದು ಸಾಮಾನ್ಯವಾಗಿ ಮುಂದೆ, ಸಂದಿನಲ್ಲೇ. ಹರ್ನಿಯಾ ಇರಬಹುದು. ಜಾಸ್ತಿ ಓಡೋರಿಗೆ ಕಾಲೂರಿದ್ರೆ ನೋವು, ರಾತ್ರಿನೂ ನೋವು ಅಂದ್ರೆ ತೊಡೆಮೂಳೆ ಕತ್ತಿನಲ್ಲಿ ಬಿರುಕು ಇರಬಹುದು, ಅದನ್ನ ಮೊದಲು ಡಾಕ್ಟ್ರಿಗೇ ತೋರಿಸ್ಬೇಕು. ಹದಿಮೂರು ಹದಿನಾಲ್ಕರ ಹುಡುಗ ಮಂಡಿ ನೋವು ಅಂತ ಕುಂಟ್ತಿದ್ರೆ ತೊಡೆಮೂಳೆಯ ತಲೆಯೇ ಜಾರಿರಬಹುದು. ವೃಷಣದಲ್ಲಿ ಇದ್ದಕ್ಕಿದ್ದಂಗೆ ನೋವು ಬಂದ್ರೆ ನನಗೆ ಫೋನೂ ಮಾಡ್ಬೇಡಿ, ಸೀದಾ ಆಸ್ಪತ್ರೆ.

ಆ ಪಾಂಡವಪುರದ ರೈಡರ್‌ಗೆ ಮೊದಲು ಮಂಡಿ ಮಧ್ಯೆ ಚೆಂಡಿಟ್ಟು ಹಿಂಡೋದು ಕೊಟ್ಟೆ, ಹತ್ತಕ್ಕೆ ಎರಡು ಮೂರರಷ್ಟು ನೋವಾದ್ರೆ ಪರವಾಗಿಲ್ಲ, ಮಾರನೇ ದಿನಕ್ಕೆ ಜಾಸ್ತಿ ಆಗಿರಬಾರ್ದು ಅಂದೆ. ಒಂದು ತಿಂಗಳಾದ್ಮೇಲೆ ಕೋಪನ್‌ಹೇಗನ್ ಅಂತಾರಲ್ಲ, ಆ ವ್ಯಾಯಾಮ: ಅಡ್ಡ ಮಲಗಿ ಮೊಣಕೈ ಊರಿ, ಮೇಲಿನ ಕಾಲನ್ನ ಗೆಳೆಯ ಹಿಡ್ಕೊಂಡಿರ್ಬೇಕು, ಇವ್ನು ಸೊಂಟ ಎತ್ಬೇಕು. ಚೆಂಡಿಲ್ಲ ಸಾ ಅಂತ ಮೊದಲ ವಾರ ತೆಂಗಿನಕಾಯಿ ಇಟ್ಕೊಂಡು ಹಿಂಡಿದ್ದಾನೆ ಪುಣ್ಯಾತ್ಮ, ಸಿಪ್ಪೆ ಸಮೇತ. ಹತ್ತು ವಾರ ಹಿಡೀತು, ಎಲ್ರಿಗೂ ಅಷ್ಟೇ ಅಂತ ಹೇಳಲಾರೆ.

ಮೊನ್ನೆ ಬಂದಿದ್ದ. ಮುಷ್ಟಿ ಇಟ್ಟೆ, ನನ್ನ ಬೆರಳು ನುಜ್ಜುಗುಜ್ಜಾಗೋ ಹಂಗೆ ಹಿಂಡಿದ. ಎದ್ದು ಹೋಗೋ ಅಂದ್ರೆ ಎದ್ದೇಳ್ಲಿಲ್ಲ. "ಇಷ್ಟು ದೂರ ಬಂದಿವ್ನಿ, ಒಸಿ ಒತ್ತಿ ಸಾ" ಅಂದ. ಐದು ನಿಮಿಷ ಒತ್ತಿ ಕಳಿಸ್ದೆ.