ಇಂಟ್ರಾಥೀಕಲ್ ಕೀಮೋಥೆರಪಿ ಎಂದರೇನು?

ಸ್ತನ, ಶ್ವಾಸಕೋಶ ಮತ್ತು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ ಕೋಶಗಳು ಕೆಲವು ರೋಗಿಗಳಲ್ಲಿ ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ತೆಳುಪೊರೆಗಳಿಗೆ ಹಬ್ಬಿ, ಅಲ್ಲಿ ಹರಿಯುವ ದ್ರವದಲ್ಲಿ ತೇಲತೊಡಗುತ್ತವೆ. ಲೆಪ್ಟೊಮೆನಿಂಜಿಯಲ್ ಮೆಟಾಸ್ಟಾಸಿಸ್ ಎಂಬ ಈ ಸ್ಥಿತಿಗೆ ಚಿಕಿತ್ಸೆ ಸಿಗದಿದ್ದರೆ ರೋಗಿ ಬದುಕುವುದು ಸಾಮಾನ್ಯವಾಗಿ ಕೆಲವೇ ವಾರ. ರಕ್ತನಾಳದ ಮೂಲಕ ಕೊಟ್ಟ ಹೆಚ್ಚಿನ ಔಷಧಗಳು ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನು ಸಾಕಷ್ಟು ಪ್ರಮಾಣದಲ್ಲಿ ದಾಟಲಾರವು. ಆದ್ದರಿಂದ ಔಷಧವನ್ನು ನೇರವಾಗಿ ಆ ದ್ರವಕ್ಕೇ ಸೇರಿಸುವ ಕ್ರಮವನ್ನು ಇಂಟ್ರಾಥೀಕಲ್ ಕೀಮೋಥೆರಪಿ ಎನ್ನುತ್ತಾರೆ.

ಸೊಂಟದ ಮಟ್ಟದಲ್ಲಿ ಬೆನ್ನುಮೂಳೆಗಳ ನಡುವೆ ಸೂಜಿ ತೂರಿಸಿ ಔಷಧ ಕೊಡುವುದು ಒಂದು ದಾರಿ. ಇನ್ನೊಂದು, ನರಶಸ್ತ್ರಚಿಕಿತ್ಸಕ ಅಯೂಬ್ ಒಮ್ಮಾಯಾ 1963ರಲ್ಲಿ ಪರಿಚಯಿಸಿದ, ನೆತ್ತಿಯ ಚರ್ಮದಡಿ ಕೂರಿಸುವ ಪುಟ್ಟ ಗುಮ್ಮಟದಂಥ ಸಾಧನ. ಅದರ ನಳಿಕೆ ಮಿದುಳಿನೊಳಗೆ ಈ ದ್ರವ ತುಂಬಿರುವ ಕುಹರವನ್ನು ತಲುಪುವುದರಿಂದ ಪ್ರತಿ ಸಲ ಬೆನ್ನಿಗೆ ಚುಚ್ಚಬೇಕಾಗಿಲ್ಲ. ಮೆಥೊಟ್ರೆಕ್ಸೇಟ್, ಸೈಟರಾಬಿನ್, ಥಯೊಟೆಪಾ ಎಂಬ ಔಷಧಗಳು ಬಹುಕಾಲದಿಂದ ಬಳಕೆಯಲ್ಲಿವೆ. ವಯಸ್ಕರಲ್ಲಿ ಈ ದ್ರವ ಒಟ್ಟು ಸುಮಾರು 150 ಮಿಲಿಲೀಟರ್ ಮಾತ್ರ ಇರುವುದರಿಂದ ಅಲ್ಪ ಪ್ರಮಾಣದ ಔಷಧವೂ ಅಲ್ಲಿ ಸಾಂದ್ರವಾಗುತ್ತದೆ. ಆದರೆ ದಿನಕ್ಕೆ ಸುಮಾರು 500 ಮಿಲಿಲೀಟರ್ ಹೊಸ ದ್ರವ ಉತ್ಪತ್ತಿಯಾಗಿ ಹಳೆಯದು ರಕ್ತಕ್ಕೆ ಮರಳುವುದರಿಂದ ಔಷಧ ಬೇಗ ತೊಳೆದುಹೋಗುತ್ತದೆ, ಹಾಗಾಗಿ ಮತ್ತೆ ಮತ್ತೆ ಕೊಡಬೇಕಾಗುತ್ತದೆ.

ಔಷಧ ದ್ರವವನ್ನು ಸೇರಿದ ಮಾತ್ರಕ್ಕೆ ಗಡ್ಡೆಯನ್ನು ತಲುಪಿತೆಂದು ಭಾವಿಸುವುದು ಸರಿಯಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ತೇಲುವ ಕೋಶಗಳಿಗೂ ಪೊರೆಯ ಮೇಲಿನ ತೆಳು ಪದರಕ್ಕೂ ಅದು ತಾಗುತ್ತದೆ, ಆದರೆ ದಪ್ಪ ಗಂಟುಗಳೊಳಗೆ ಕೆಲವು ಮಿಲಿಮೀಟರ್‌ಗಿಂತ ಆಳಕ್ಕೆ ಇಳಿಯುವುದಿಲ್ಲ. ಗಡ್ಡೆಯು ದ್ರವದ ಹರಿವಿಗೆ ಅಡ್ಡಿಯಾಗಿದ್ದರೆ ಔಷಧ ಒಂದೆಡೆ ನಿಂತು ವಿಷವಾಗಬಹುದು, ಇನ್ನೊಂದೆಡೆ ತಲುಪದೆಯೇ ಉಳಿಯಬಹುದು.

ಹಳೆಯ ಔಷಧಗಳಿಗೆ ಬಗ್ಗದ ರೋಗಕ್ಕಾಗಿ ಪೆಮೆಟ್ರೆಕ್ಸೆಡ್, ಟೊಪೊಟೆಕಾನ್‌ನಂಥ ಔಷಧಗಳನ್ನು ಇದೇ ಮಾರ್ಗದಲ್ಲಿ ಪರೀಕ್ಷಿಸಲಾಗಿದೆ. ಮೊದಲ ಹಂತದ ಪ್ರಯೋಗದಲ್ಲಿ ಸಣ್ಣ ಗುಂಪುಗಳಿಗೆ ಪ್ರಮಾಣವನ್ನು ಮೆಲ್ಲನೆ ಏರಿಸುತ್ತ, ತಲೆನೋವು, ವಾಂತಿ, ಜ್ವರ, ಪೊರೆಯ ಉರಿಯೂತ, ನರಗಳ ಹಾನಿ ಇವುಗಳ ಮೇಲೆ ಕಣ್ಣಿಟ್ಟು, ತಾಳಿಕೊಳ್ಳಬಹುದಾದ ಮಟ್ಟವನ್ನು ಗುರುತಿಸುತ್ತಾರೆ. ರೋಗ ಎಷ್ಟು ತಗ್ಗುತ್ತದೆ ಎಂಬುದನ್ನು ಮುಖ್ಯವಾಗಿ ಅಳೆಯುವುದು ನಂತರದ ಹಂತಗಳಲ್ಲಿ. ದ್ರವದಲ್ಲಿ ಕ್ಯಾನ್ಸರ್ ಕೋಶಗಳು ಕಾಣದಾದರೂ ರೋಗ ಪೊರೆಗೆ ಅಂಟಿಕೊಂಡು ಉಳಿದಿರಬಹುದಾದ್ದರಿಂದ, ಎಂಆರ್‌ಐ ಚಿತ್ರವನ್ನೂ ರೋಗಿಯ ನಡಿಗೆ, ನೋಟ, ಮಾತು, ಗ್ರಹಿಕೆಗಳನ್ನೂ ಜೊತೆಯಾಗಿ ಪರೀಕ್ಷಿಸಿಯೇ ಫಲವನ್ನು ನಿರ್ಣಯಿಸಬೇಕಾಗುತ್ತದೆ.