ಕಣ್ಣುಪಾಪೆಯಿಂದ ಹುಲ್ಲುಕಡ್ಡಿಯವರೆಗೆ: ಕೆಲವು ಇಂಗ್ಲಿಷ್ ನುಡಿಗಟ್ಟುಗಳು

‘ದಿ ಆ್ಯಪಲ್ ಆಫ್ ಮೈ ಐ’ ಎಂಬುದರಲ್ಲಿ ತಿನ್ನುವ ಸೇಬನ್ನು ಹುಡುಕಬೇಡಿ. ಹಿಂದೆ ಇಂಗ್ಲಿಷಿನಲ್ಲಿ ಕಣ್ಣುಪಾಪೆಗೇ ‘ಆ್ಯಪಲ್’ ಎನ್ನುತ್ತಿದ್ದರು. ದೇವರು ತನ್ನ ಜನರನ್ನು ಕಣ್ಣುಪಾಪೆಯಂತೆ ಕಾಯ್ದನೆಂದು ಹೇಳಲು 1611ರ ಇಂಗ್ಲಿಷ್ ಬೈಬಲ್ ಬಳಸುವುದೂ ಇದೇ ಮಾತನ್ನು. ನಾವು ಮಕ್ಕಳನ್ನು ‘ಕಣ್ಮಣಿ’ ಎಂದು ಕರೆಯುವುದಿಲ್ಲವೇ, ಅದೇ ಭಾವ. ‘ಶೀ ಈಸ್ ದಿ ಆ್ಯಪಲ್ ಆಫ್ ಹರ್ ಗ್ರ್ಯಾಂಡ್‌ಫಾದರ್ಸ್ ಐ’ ಅಂದರೆ ಅಜ್ಜನಿಗೆ ಮೊಮ್ಮಗಳೆಂದರೆ ಪ್ರಾಣ. ಕಣ್ಣು ಎರಡಿದ್ದರೂ ಇಲ್ಲಿ ‘ಐ’ ಏಕವಚನವೇ. ‘ಐಸ್’ ಎಂದರೆ ತಪ್ಪು.

ಅಷ್ಟು ಗಾಢವಲ್ಲದ, ಸಣ್ಣ ಒಲವಿಗೆ ‘ಐ ಹ್ಯಾವ್ ಎ ಸಾಫ್ಟ್ ಸ್ಪಾಟ್ ಫಾರ್ ಹಿಮ್’. ಕನ್ನಡದಲ್ಲಿ ಪ್ರೀತಿ ಒಬ್ಬರ ‘ಮೇಲೆ’ ಇರುತ್ತದೆ, ಹಾಗಾಗಿ ಕೈ ತಾನಾಗಿಯೇ ‘ಆನ್’ ಎಂದು ಬರೆದುಬಿಡುತ್ತದೆ. ಬೇಕಾದದ್ದು ‘ಫಾರ್’.

ಮಹತ್ವ ಹೇಳುವ ಮಾತುಗಳಲ್ಲಿ ‘ಬ್ಯಾಕ್‌ಬೋನ್’ ಸುಲಭ, ನಮ್ಮ ‘ಬೆನ್ನೆಲುಬು’ ಹಾಗೆಯೇ ಹೊಂದುತ್ತದೆ. ‘ಬ್ರೆಡ್ ಆ್ಯಂಡ್ ಬಟರ್’ ಎಂದರೆ ಹೊಟ್ಟೆಪಾಡಿನ ಕಸುಬು. ಎಚ್ಚರ ಬೇಕಾದದ್ದು ‘ಪ್ಲೇ ಸೆಕೆಂಡ್ ಫಿಡಲ್ ಟು’ ವಿಷಯದಲ್ಲಿ. ಕರ್ನಾಟಕ ಸಂಗೀತ ಕೇಳಿದವರಿಗೆ ಪಿಟೀಲು ಎಂದರೆ ಗೌರವದ ಪಕ್ಕವಾದ್ಯ ನೆನಪಾಗುತ್ತದೆ. ಆದರೆ ಈ ನುಡಿಗಟ್ಟು ಹುಟ್ಟಿದ್ದು ಪಾಶ್ಚಾತ್ಯ ವಾದ್ಯಮೇಳದಲ್ಲಿ, ಮೊದಲ ಪಿಟೀಲಿಗಿಂತ ಕೆಳಗಿನ ಸ್ಥಾನದಿಂದ. ಇನ್ನೊಬ್ಬರ ನೆರಳಲ್ಲಿ ಉಳಿಯಬೇಕಾದ ಬೇಸರ ಇದರಲ್ಲಿ ಇರುತ್ತದೆ. ಯಾರನ್ನಾದರೂ ಹೊಗಳಲು ಬಳಸಿದರೆ ಅವಮಾನವಾದೀತು.

ಹತಾಶೆಯ ಮಾತುಗಳಲ್ಲೇ ಗೊಂದಲ ಹೆಚ್ಚು. ‘ಟೆದರ್’ ಎಂದರೆ ದನವನ್ನು ಗೂಟಕ್ಕೆ ಕಟ್ಟುವ ಹಗ್ಗ. ಹಗ್ಗ ಎಟಕುವಷ್ಟು ದೂರ ಮೇದು ಮುಗಿಯಿತು, ಮುಂದೆ ಹೋಗಲಾಗದು: ‘ಐ ಆ್ಯಮ್ ಅಟ್ ದಿ ಎಂಡ್ ಆಫ್ ಮೈ ಟೆದರ್’, ತಾಳ್ಮೆಯೋ ಶಕ್ತಿಯೋ ಪೂರ್ತಿ ಸೋತಿದೆ. ಅಮೆರಿಕದವರು ‘ರೋಪ್’ ಎನ್ನುವುದು ಹೆಚ್ಚು. ‘ಅಟ್ ಮೈ ವಿಟ್ಸ್ ಎಂಡ್’ ತುಸು ಬೇರೆ. ಅಲ್ಲಿ ಮುಗಿದಿರುವುದು ಉಪಾಯ. ಏನು ಮಾಡಬೇಕೆಂದೇ ತೋಚುತ್ತಿಲ್ಲ.

ಇನ್ನು ‘ಸ್ಟ್ರಾ’ ಇರುವ ಎರಡು ಮಾತುಗಳನ್ನು ಒಟ್ಟಿಗಿಟ್ಟು ಕಲಿಯಿರಿ. ‘ಕ್ಲಚ್ ಅಟ್ ಸ್ಟ್ರಾಸ್’ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎಂಬ ನಮ್ಮ ಗಾದೆಯ ಚಿತ್ರವೇ. ಬಹುವಚನವೇ ರೂಢಿ, ‘ಅಟ್’ ಬಿಡಬಾರದು, ಬಳಕೆ ಬಹುತೇಕ ‘ಹೀ ಈಸ್ ಕ್ಲಚಿಂಗ್’ ರೂಪದಲ್ಲಿ. ‘ದಿ ಲಾಸ್ಟ್ ಸ್ಟ್ರಾ’ ಏಕವಚನ. ಹೊರೆ ಹೊತ್ತ ಒಂಟೆಯ ಬೆನ್ನು ಮುರಿಯಲು ಸಾಕಾದ ಕೊನೆಯ ಕಡ್ಡಿ ಅದು, ಸಹನೆಯ ಕಟ್ಟೆ ಒಡೆಸಿದ ಸಣ್ಣ ಘಟನೆ. ಅದನ್ನು ‘ಕೊನೆಯ ಆಸರೆ’ ಎಂದು ಅನುವಾದಿಸಿದರೆ ಅರ್ಥ ತಲೆಕೆಳಗಾಗುತ್ತದೆ. ಕೊನೆಯ ದಾರಿಗೆ ಇಂಗ್ಲಿಷಿನಲ್ಲಿ ‘ಲಾಸ್ಟ್ ರೆಸಾರ್ಟ್’ ಎಂಬ ಬೇರೆ ಮಾತೇ ಇದೆ.