ಶ್ರೀಮಂತ ಕೊರಿಯಾದಲ್ಲಿ ವೃದ್ಧರೇಕೆ ಬಡವರು?

ಪ್ರಶ್ನೆ: ದಕ್ಷಿಣ ಕೊರಿಯಾ ನಮ್ಮ ಮನೆಗಳಿಗೆ ಟಿ.ವಿ., ಫ್ರಿಜ್, ಕಾರುಗಳನ್ನು ಕೊಡುವ ಶ್ರೀಮಂತ ದೇಶ. ತಂದೆತಾಯಿಯ ಸೇವೆಯೇ ದೊಡ್ಡ ಧರ್ಮವೆಂದು ನಂಬಿದ ಸಮಾಜ ಎಂದೂ ಕೇಳಿದ್ದೇವೆ. ಹಾಗಿದ್ದೂ ಅಲ್ಲಿ ಎಪ್ಪತ್ತು ದಾಟಿದವರು ಬೀದಿಯಲ್ಲಿ ರದ್ದಿ ಕಾಗದ ಆಯುತ್ತಾರೆ ಎನ್ನುವುದು ನಿಜವೇ? ನಿಜವಾದರೆ ಮಕ್ಕಳು ಅವರನ್ನು ಕೈಬಿಟ್ಟಿದ್ದಾರೆಯೇ?

ಉತ್ತರ: ಆಯುತ್ತಾರೆ ಎಂಬುದು ನಿಜ. ಕೊರಿಯಾದ ಆರೋಗ್ಯ ಮತ್ತು ಕಲ್ಯಾಣ ಸಚಿವಾಲಯವೇ 2023ರಲ್ಲಿ ಸಮೀಕ್ಷೆ ನಡೆಸಿ, ಇಂಥ ವೃದ್ಧರ ಸಂಖ್ಯೆ ಸುಮಾರು 42 ಸಾವಿರ ಎಂದು ಅಂದಾಜು ಮಾಡಿತು. ಅವರ ಸರಾಸರಿ ವಯಸ್ಸು 76. ದಿನಕ್ಕೆ ಐದು ಗಂಟೆಗೂ ಹೆಚ್ಚು ಹೊತ್ತು, ವಾರಕ್ಕೆ ಆರು ದಿನ ಕೈಗಾಡಿ ತಳ್ಳಿ, ಅಂಗಡಿಗಳವರು ಹೊರಗಿಟ್ಟ ರಟ್ಟಿನ ಪೆಟ್ಟಿಗೆಗಳನ್ನು ಮಡಿಸಿ, ಕಟ್ಟಿ, ಗುಜರಿಗೆ ಹಾಕಿದರೆ ತಿಂಗಳಿಗೆ ಸಿಗುತ್ತಿದ್ದುದು ಸುಮಾರು 1.6 ಲಕ್ಷ ವಾನ್. ನಮ್ಮ ಲೆಕ್ಕದಲ್ಲಿ ಹತ್ತು ಸಾವಿರ ರೂಪಾಯಿ ಎಂದಾಗ ಅಷ್ಟೇನೂ ಕಡಿಮೆಯಲ್ಲ ಅನ್ನಿಸಬಹುದು. ಆದರೆ ಆ ವರ್ಷ ಅಲ್ಲಿನ ಕಾನೂನು ಗೊತ್ತುಮಾಡಿದ್ದ ಕನಿಷ್ಠ ಕೂಲಿ ಗಂಟೆಗೆ 9,620 ವಾನ್ ಇತ್ತು. ಈ ವೃದ್ಧರಿಗೆ ಗಂಟೆಯ ದುಡಿಮೆಗೆ ಬರುತ್ತಿದ್ದುದು ಅದರ ಏಳನೇ ಒಂದು ಭಾಗಕ್ಕಿಂತಲೂ ಕಡಿಮೆ.

ರದ್ದಿ ಆಯುವವರು ಕಣ್ಣಿಗೆ ಕಾಣುವ ತುದಿ ಮಾತ್ರ. ದೇಶದ ಎಲ್ಲರ ಆದಾಯವನ್ನು ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬರುವ ಮೊತ್ತದ ಅರ್ಧಕ್ಕಿಂತ ಕಡಿಮೆ ಆದಾಯವಿರುವವರನ್ನು ಬಡವರೆಂದು ಎಣಿಸುವ ಪದ್ಧತಿ ಇದೆ. ಆ ಅಳತೆಯಲ್ಲಿ, 66 ದಾಟಿದ ಕೊರಿಯನ್ನರಲ್ಲಿ 2020ರಲ್ಲಿ ಶೇ 40ರಷ್ಟು ಮಂದಿ ಬಡವರಾಗಿದ್ದರು. ಸಿರಿವಂತ ದೇಶಗಳ ಕೂಟವಾದ ಓಇಸಿಡಿಯ ಸರಾಸರಿ ಶೇ 14ರ ಆಸುಪಾಸಿನಲ್ಲಿತ್ತು. ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಈ ಅಂಕಿ ಆದಾಯವನ್ನಷ್ಟೇ ನೋಡುತ್ತದೆ, ಆಸ್ತಿಯನ್ನು ನೋಡುವುದಿಲ್ಲ. ಕೊರಿಯಾದ ಹಿರಿಯರ ಸಂಪತ್ತಿನ ಬಹುಪಾಲು ಮನೆ, ಜಮೀನಿನ ರೂಪದಲ್ಲಿದೆ. ಬೆಲೆಬಾಳುವ ಫ್ಲ್ಯಾಟಿನಲ್ಲಿದ್ದೂ ಕೈಯಲ್ಲಿ ಕಾಸಿಲ್ಲದ ದಂಪತಿಗಳು ಅಲ್ಲಿ ಸಾಕಷ್ಟಿದ್ದಾರೆ. ಅಂಥವರಿಗಾಗಿ, ಮನೆಯನ್ನು ಒತ್ತೆಯಿಟ್ಟು ಅದರಲ್ಲೇ ವಾಸವಿದ್ದುಕೊಂಡು ತಿಂಗಳುತಿಂಗಳು ಹಣ ಪಡೆಯುವ ಯೋಜನೆಯನ್ನು ಸರ್ಕಾರ 2007ರಿಂದ ನಡೆಸುತ್ತಿದೆ. ಆಸ್ತಿಯನ್ನೂ ಲೆಕ್ಕಕ್ಕೆ ಹಿಡಿದರೆ ಬಡವರ ಪ್ರಮಾಣ ಇಳಿಯುತ್ತದೆ. ಇಳಿದ ಮೇಲೂ ಇಷ್ಟು ಸಿರಿವಂತ ದೇಶಕ್ಕೆ ಅದು ಹೆಚ್ಚೇ.

ಮಕ್ಕಳು ಕೈಬಿಟ್ಟರೇ ಎಂಬ ಪ್ರಶ್ನೆಗೆ ಬರೋಣ. ತಂದೆತಾಯಿಯೊಂದಿಗೆ ಒಂದೇ ಮನೆಯಲ್ಲಿರುವುದು, ತಿಂಗಳಿಗಿಷ್ಟೆಂದು ಹಣ ಕೊಡುವುದು ಹಿಂದಿಗಿಂತ ಕಡಿಮೆಯಾಗಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಹಾಗಾದದ್ದು ಕೊರಿಯಾದಲ್ಲಿ ಮಾತ್ರವಲ್ಲ. ಹಳ್ಳಿಯಿಂದ ನಗರಕ್ಕೆ ಜನ ಹೋದ ಎಲ್ಲ ಕಡೆಯೂ ಹೀಗೇ ಆಗಿದೆ, ಜಪಾನಿನಲ್ಲೂ ಆಗಿದೆ. ಜಪಾನಿನ ಹಿರಿಯರಲ್ಲಿ ಬಡವರ ಪಾಲು ಮಾತ್ರ ಕೊರಿಯಾದ ಅರ್ಧದಷ್ಟು. ಆದ್ದರಿಂದ ಮಕ್ಕಳ ಗುಣದಲ್ಲಿ ಉತ್ತರ ಹುಡುಕುವುದಕ್ಕಿಂತ, ಮಕ್ಕಳು ನೋಡಿಕೊಳ್ಳುತ್ತಾರೆಂಬ ಭರವಸೆಯ ಮೇಲೆ ಸರ್ಕಾರ ಏನೇನನ್ನು ಮುಂದೂಡಿತು, ಏನೇನನ್ನು ನಿರಾಕರಿಸಿತು ಎಂದು ನೋಡುವುದೇ ಸರಿಯಾದ ದಾರಿಯೆಂದು ನನ್ನ ಅಭಿಪ್ರಾಯ.

ಮೊದಲು ಪಿಂಚಣಿಯ ಕಥೆ. ಕೊರಿಯಾ ತನ್ನ ಸರ್ಕಾರಿ ನೌಕರರಿಗೆ 1960ರಲ್ಲಿ, ಸೈನಿಕರಿಗೆ 1963ರಲ್ಲಿ, ಖಾಸಗಿ ಶಾಲೆಗಳ ಶಿಕ್ಷಕರಿಗೆ 1975ರಲ್ಲಿ ಪಿಂಚಣಿ ಕೊಡಲು ಶುರುಮಾಡಿತು. ಸಾಮಾನ್ಯ ಕಾರ್ಮಿಕರ ಪಿಂಚಣಿಗೂ 1973ರಲ್ಲೇ ಕಾನೂನಾಯಿತು, ಆದರೆ ಅದೇ ವರ್ಷ ಎರಗಿದ ತೈಲ ಬಿಕ್ಕಟ್ಟಿನ ಕಾರಣ ಹೇಳಿ ಜಾರಿಯನ್ನು ಮುಂದಕ್ಕೆ ಹಾಕಲಾಯಿತು. ಹಾಗೆ ಮುಂದಕ್ಕೆ ಹೋದದ್ದು ಜಾರಿಗೆ ಬಂದದ್ದು 1988ರ ಜನವರಿಯಲ್ಲಿ, ಅದೂ ಹತ್ತು ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದ ಕಡೆಗಳಿಗೆ ಮಾತ್ರ. ಐದರಿಂದ ಒಂಬತ್ತು ಜನರಿದ್ದ ಕಾರ್ಖಾನೆಗಳು 1992ರಲ್ಲಿ, ರೈತರು ಮತ್ತು ಮೀನುಗಾರರು 1995ರಲ್ಲಿ, ನಗರಗಳ ಸ್ವಂತ ದುಡಿಮೆಯವರು 1999ರ ಏಪ್ರಿಲಿನಲ್ಲಿ ಅದರೊಳಗೆ ಬಂದರು.

ಈ ಇಸವಿಗಳನ್ನು ಒಬ್ಬರ ಬದುಕಿನ ಮೇಲಿಟ್ಟು ನೋಡಬೇಕು. 1940ರಲ್ಲಿ ಹುಟ್ಟಿ, ಸಿಯೋಲಿನ ತೋಂಗ್‌ದೆಮುನ್ ಮಾರುಕಟ್ಟೆಯ ಬಳಿ ನಾಲ್ಕೇ ಹೊಲಿಗೆ ಯಂತ್ರಗಳಿದ್ದ ಕೋಣೆಯಲ್ಲಿ ಅಂಗಿ ಹೊಲಿದ ಹೆಂಗಸೊಬ್ಬರನ್ನು ಊಹಿಸಿಕೊಳ್ಳಿ. ದೇಶದ ರಫ್ತು ಏರುತ್ತಿದ್ದ ಎರಡು ದಶಕ ಅವರು ದುಡಿದರು. ಪಿಂಚಣಿ ಬಂದಾಗ ಅವರಿಗೆ 48, ಆದರೆ ಕೋಣೆ ಚಿಕ್ಕದಾದ್ದರಿಂದ ಅವರು ಅದರ ಹೊರಗೆ. ಅವರಂಥವರಿಗೆ ಬಾಗಿಲು ತೆರೆದಾಗ ಅವರಿಗೆ 59. ಕಂತು ಕಟ್ಟುವ ವಯಸ್ಸಿನ ಮಿತಿ 60, ಪಿಂಚಣಿ ಸಿಗಲು ಕಟ್ಟಬೇಕಾದ ಕನಿಷ್ಠ ಅವಧಿ ಹತ್ತು ವರ್ಷ. ವಯಸ್ಸಾದವರಿಗೆ ಐದು ವರ್ಷ ಕಟ್ಟಿದರೂ ಸಾಕೆಂಬ ವಿನಾಯಿತಿ ಇತ್ತು, ನಿಜ. ಆದರೆ ಮಾಲೀಕರ ಪಾಲಿಲ್ಲದೆ ಪೂರ್ತಿ ಕಂತನ್ನು ತಾವೇ ಕಟ್ಟಬೇಕಿತ್ತು, ಬರುವ ಪಿಂಚಣಿಯೂ ಅಷ್ಟೇ ಸಣ್ಣದಾಗಿತ್ತು. ಮನೆಯಲ್ಲೇ ಇದ್ದ ಹೆಂಡತಿಗಂತೂ ಸೇರಲೇಬೇಕೆಂಬ ಕಡ್ಡಾಯವಿರಲಿಲ್ಲ. ಪಿಂಚಣಿ ಎಂಬುದು ಹಣಕ್ಕಿಂತ ಹೆಚ್ಚಾಗಿ ಕಾಲವನ್ನು ಬೇಡುವ ವ್ಯವಸ್ಥೆ. ಸಂಬಳದ ಶೇ 70ರಷ್ಟು ಕೊಡುತ್ತೇವೆಂದು 1988ರಲ್ಲಿ ಸರ್ಕಾರ ಹೇಳಿದ್ದು ನಲವತ್ತು ವರ್ಷ ಕಂತು ಕಟ್ಟಿದವರಿಗೆ. ಆ ಮಾತಿನ ಪ್ರಕಾರ ಪೂರ್ಣ ಪಿಂಚಣಿ ಪಡೆಯಬಲ್ಲ ಮೊದಲ ಕೊರಿಯನ್ 2028ಕ್ಕೆ ಮುಂಚೆ ಸಿಗುವುದು ಸಾಧ್ಯವೇ ಇರಲಿಲ್ಲ. ಅಷ್ಟರಲ್ಲಿ ಆ ಶೇ 70ನ್ನೂ 1998 ಮತ್ತು 2007ರ ತಿದ್ದುಪಡಿಗಳಲ್ಲಿ ಕಡಿತ ಮಾಡಿ, 2028ರ ಹೊತ್ತಿಗೆ ಶೇ 40ಕ್ಕೆ ಇಳಿಸುವುದೆಂದು ತೀರ್ಮಾನವಾಗಿತ್ತು.

ಜಪಾನ್ ಇದೇ ಸಮಸ್ಯೆಯನ್ನು ಮೂರು ದಶಕ ಮೊದಲು ಎದುರಿಸಿತ್ತು. ಎಲ್ಲರಿಗೂ ಪಿಂಚಣಿ ವಿಮೆ ಎಂಬ ವ್ಯವಸ್ಥೆಯನ್ನು ಅದು 1961ರಲ್ಲಿ ಪೂರ್ಣಗೊಳಿಸಿತು. ಅದಕ್ಕಿಂತ ಮುಖ್ಯವಾಗಿ, ಆಗಲೇ ಮುದಿಯಾಗಿದ್ದು ಕಂತು ಕಟ್ಟಲು ಕಾಲವೇ ಉಳಿಯದಿದ್ದವರಿಗೆ 1959ರಿಂದಲೇ ಖಜಾನೆಯಿಂದ ಸಣ್ಣ ಪಿಂಚಣಿ ಕೊಡಲು ಆರಂಭಿಸಿತ್ತು. ಕೊರಿಯಾ ತನ್ನ ಬಹುಪಾಲು ವೃದ್ಧರಿಗೆ ಅಂಥದ್ದನ್ನು ಕೊಡಲು ಮುಂದಾದದ್ದು 2008ರಲ್ಲಿ.

ಪಿಂಚಣಿ ಇಲ್ಲದಿದ್ದರೇನು, ಉಳಿತಾಯವಿರಲಿಲ್ಲವೇ ಎಂದು ಕೇಳಬಹುದು. ಕಂಪನಿಗಳು ವರ್ಷಕ್ಕೆ ಒಂದು ತಿಂಗಳ ಸಂಬಳದಂತೆ ನಿವೃತ್ತಿಯಲ್ಲಿ ಒಟ್ಟುಗಂಟು ಕೊಡುತ್ತಿದ್ದವು. ಆ ನಿವೃತ್ತಿಯೂ ಬೇಗ ಬರುತ್ತಿತ್ತು, ಹಲವು ಕಂಪನಿಗಳಲ್ಲಿ 55ಕ್ಕೇ. ನಿವೃತ್ತಿ ವಯಸ್ಸು 60ಕ್ಕಿಂತ ಕಡಿಮೆ ಇರಕೂಡದೆಂಬ ಕಾನೂನು ಜಾರಿಗೆ ಬಂದದ್ದು 2016ರಲ್ಲಿ. 1997ರ ಏಷ್ಯಾ ಹಣಕಾಸು ಬಿಕ್ಕಟ್ಟಿನಲ್ಲಿ ಕೆಲಸ ಕಳೆದುಕೊಂಡ ಎಷ್ಟೋ ನಡುವಯಸ್ಸಿನವರು ಆ ಗಂಟನ್ನು ಕೋಳಿ ಹುರಿದು ಮಾರುವ ಅಂಗಡಿಗೋ ಟ್ಯಾಕ್ಸಿಗೋ ಹಾಕಿ ಕೈಸುಟ್ಟುಕೊಂಡರು. ಅದಕ್ಕೂ ಮೊದಲೇ ಮಕ್ಕಳ ಟ್ಯೂಷನ್, ಕಾಲೇಜು, ಮದುವೆಯ ಹೊತ್ತಿಗೆ ಮಗನಿಗೊಂದು ಮನೆ ಎಂದು ಉಳಿತಾಯ ಕರಗಿರುತ್ತಿತ್ತು. ಮಕ್ಕಳ ಮೇಲೆ ಹಾಕಿದ್ದೇ ವೃದ್ಧಾಪ್ಯದ ಠೇವಣಿ ಎಂದು ಆ ತಲೆಮಾರು ನಂಬಿತ್ತು, ಸರ್ಕಾರವೂ ಅದನ್ನೇ ನಂಬಿ ಕುಳಿತಿತ್ತು.

ಈ ನಂಬಿಕೆ ಕೇವಲ ಮನೋಭಾವವಾಗಿ ಉಳಿಯದೆ ಕಾನೂನಿನ ಕಲಮೇ ಆಗಿತ್ತು ಎಂಬುದು ಹೊರಗಿನವರಿಗೆ ಹೆಚ್ಚು ಗೊತ್ತಿಲ್ಲ. 2000ದ ಅಕ್ಟೋಬರಿನಲ್ಲಿ ಕಡುಬಡವರಿಗೆ ಕನಿಷ್ಠ ಜೀವನವೆಚ್ಚ ಕೊಡುವ ಹೊಸ ಕಾಯ್ದೆ ಜಾರಿಗೆ ಬಂತು. ಬಡತನ ದಯೆಯ ವಿಷಯವಲ್ಲ, ನೆರವು ಹಕ್ಕು ಎಂದು ಸಾರಿದ ಒಳ್ಳೆಯ ಕಾಯ್ದೆಯೇ ಅದು. ಆದರೆ ಅದರಲ್ಲಿ ‘ಪೋಷಣೆಯ ಹೊಣೆಗಾರ’ ಎಂಬ ಷರತ್ತಿತ್ತು. ಅರ್ಜಿ ಹಾಕಿದ ವೃದ್ಧೆಗೆ ಆದಾಯವಿಲ್ಲದಿದ್ದರೆ ಸಾಲದು; ಆಕೆಯ ಮಗ, ಮಗಳು, ಸೊಸೆ, ಅಳಿಯ ಇವರಲ್ಲಿ ಯಾರಿಗೂ ಆಕೆಯನ್ನು ಸಾಕುವಷ್ಟು ಆದಾಯ ಇರಬಾರದಿತ್ತು. ಮಕ್ಕಳ ಗಳಿಕೆ ತೀರ ಹೆಚ್ಚಲ್ಲ, ತೀರ ಕಡಿಮೆಯೂ ಅಲ್ಲ ಎಂಬಂತಿದ್ದರೆ ಅದರ ಒಂದು ಭಾಗವನ್ನು ಅವರು ತಾಯಿಗೆ ಕೊಟ್ಟೇ ಕೊಡುತ್ತಾರೆಂದು ಊಹಿಸಿ, ಆ ಮೊತ್ತವನ್ನು ತಾಯಿಯ ಆದಾಯವೆಂದು ಬರೆದುಕೊಳ್ಳಲಾಗುತ್ತಿತ್ತು. ಹಣ ಕೈಗೆ ಬಂತೇ ಇಲ್ಲವೇ ಎಂಬ ಪ್ರಶ್ನೆ ಆ ಲೆಕ್ಕದಲ್ಲಿ ಏಳುತ್ತಿರಲಿಲ್ಲ. ಈ ಊಹೆಯ ಪ್ರಮಾಣ ಬಹುಕಾಲ ಮಗನಿಗೆ ಹೆಚ್ಚು, ಮದುವೆಯಾಗಿ ಹೋದ ಮಗಳಿಗೆ ಅದರ ಅರ್ಧದಷ್ಟು ಇತ್ತು.

ಅರ್ಜಿ ಹಾಕುವುದೆಂದರೆ ಏನೆಂದೂ ನೋಡಬೇಕು. ಮಕ್ಕಳ ಬ್ಯಾಂಕ್ ವಿವರಗಳನ್ನು ಅಧಿಕಾರಿಗಳು ಪರಿಶೀಲಿಸಲು ಆ ಮಕ್ಕಳೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ವರ್ಷಗಳಿಂದ ಮಾತೇ ಇಲ್ಲದ ಮಗನಿಗೆ ಫೋನ್ ಮಾಡಿ, ‘ನಾನು ಸರ್ಕಾರದ ಮುಂದೆ ಕೈಚಾಚಬೇಕಾಗಿದೆ, ನಿನ್ನ ಖಾತೆ ತೋರಿಸಲು ಸಹಿ ಹಾಕು’ ಎಂದು ತಾಯಿ ಕೇಳಬೇಕು. ಇಲ್ಲವೇ ಮಗನೊಂದಿಗೆ ಸಂಬಂಧ ಕಡಿದುಹೋಗಿದೆ ಎಂದು ಕಚೇರಿಗೆ ಬರೆದುಕೊಟ್ಟು ನಂಬಿಸಬೇಕು. ಮಕ್ಕಳ ಮರ್ಯಾದೆ ತೆಗೆಯುವುದು ಬೇಡವೆಂದು ಅರ್ಜಿಯನ್ನೇ ಹಾಕದೆ ಕೈಗಾಡಿ ಹಿಡಿದವರನ್ನು ಮಕ್ಕಳು ಕೈಬಿಟ್ಟರೆನ್ನುವುದೋ ಕಾನೂನು ಕೈಬಿಟ್ಟಿತೆನ್ನುವುದೋ? ಪ್ರಶ್ನೆ ಕೇಳಿದವರಿಗೆ ನನ್ನ ಉತ್ತರ ಇಲ್ಲಿದೆ: ಬಹುಮಟ್ಟಿಗೆ ಎರಡನೆಯದು. ತಂದೆತಾಯಿಯ ಸೇವೆಯನ್ನು ಪ್ರೋತ್ಸಾಹಿಸಲೆಂದೇ ಪ್ರತ್ಯೇಕ ಕಾಯ್ದೆಯೊಂದನ್ನು ಕೊರಿಯಾ 2007ರಲ್ಲಿ ಮಾಡಿತು. ಅದಕ್ಕಿಂತ ಈ ಷರತ್ತನ್ನು ಆಗಲೇ ಕಿತ್ತುಹಾಕಿದ್ದರೆ ಹೆಚ್ಚು ಉಪಕಾರವಾಗುತ್ತಿತ್ತು.

2008ರಲ್ಲಿ ಬಂದ ಮೂಲ ವೃದ್ಧಾಪ್ಯ ಪಿಂಚಣಿಯನ್ನು 2014ರ ಜುಲೈನಲ್ಲಿ ವಿಸ್ತರಿಸಿ, 65 ದಾಟಿದವರಲ್ಲಿ ಕೆಳಗಿನ ಶೇ 70 ಮಂದಿಗೆ ತಿಂಗಳಿಗೆ ಗರಿಷ್ಠ 2 ಲಕ್ಷ ವಾನ್ ಕೊಡಲಾಯಿತು. 2025ರಲ್ಲಿ ಅದು ಸುಮಾರು 3.4 ಲಕ್ಷ ವಾನ್, ಅಂದರೆ ಇಪ್ಪತ್ತೊಂದು ಸಾವಿರ ರೂಪಾಯಿಯ ಹತ್ತಿರ. ಬಡತನವನ್ನು ಇದು ಇಳಿಸಿದೆ. ಆದರೆ ಕಡುಬಡವರ ಜೀವನವೆಚ್ಚದ ನೆರವು ಪಡೆಯುವವರಿಗೆ ಈ ಪಿಂಚಣಿಯನ್ನು ಆದಾಯವೆಂದು ಎಣಿಸಿ, ಅಷ್ಟೇ ಮೊತ್ತವನ್ನು ನೆರವಿನಿಂದ ಕಳೆಯಲಾಗುತ್ತದೆ. ‘ಕೊಟ್ಟು ಕಿತ್ತುಕೊಳ್ಳುವ ಪಿಂಚಣಿ’ ಎಂದು ಕೊರಿಯನ್ನರು ಇದನ್ನು ಮೂದಲಿಸುತ್ತಾರೆ. ಎಲ್ಲರಿಗಿಂತ ಬಡವರಿಗೆ ಒಂದು ವಾನ್ ಕೂಡ ಹೆಚ್ಚಾಗದ ಈ ಏರ್ಪಾಡನ್ನು ಸಮರ್ಥಿಸುವುದು ಕಷ್ಟ.

ಕುಟುಂಬದ ಮೇಲೆ ಭಾರ ಹಾಕುವ ಈ ಯೋಚನೆ ಸುತ್ತಲಿನ ದೇಶಗಳಲ್ಲೂ ಇದೆ. ಸಿಂಗಪುರ 1995ರಲ್ಲಿ ತಂದೆತಾಯಿಯ ಜೀವನಾಂಶದ ಕಾಯ್ದೆ ಮಾಡಿ, ಮಕ್ಕಳಿಂದ ಹಣ ಕೊಡಿಸಲು ನ್ಯಾಯಮಂಡಳಿ ಸ್ಥಾಪಿಸಿತು. ಭಾರತದ 2007ರ ಕಾಯ್ದೆಯೂ ಅದೇ ಜಾತಿಯದು. ಆದರೆ ಸಿಂಗಪುರಕ್ಕೂ ಅದು ಸಾಕಾಗದೆ, ಜೀವಮಾನವಿಡೀ ಕಡಿಮೆ ದುಡಿದ ಹಿರಿಯರಿಗೆ 2016ರಿಂದ ಸರ್ಕಾರವೇ ಹಣ ಕೊಡುತ್ತಿದೆ. ಕೊರಿಯಾಕ್ಕಿಂತ ಎಷ್ಟೋ ಬಡದೇಶವಾದ ಥಾಯ್ಲೆಂಡ್, ಬೇರೆ ಪಿಂಚಣಿ ಇಲ್ಲದ ಎಲ್ಲ 60 ದಾಟಿದವರಿಗೆ 2009ರಲ್ಲಿ ಭತ್ಯೆ ವಿಸ್ತರಿಸಿತು. ಮಗ ಎಷ್ಟು ಗಳಿಸುತ್ತಾನೆಂದು ಅದು ಕೇಳುವುದಿಲ್ಲ. ಆದರೆ ಅರವತ್ತರ ಹರೆಯದವರಿಗೆ ತಿಂಗಳಿಗೆ 600 ಬಾತ್ ಎಂಬ ಮೊತ್ತ ಒಂದು ದಶಕಕ್ಕೂ ಹೆಚ್ಚು ಕಾಲ ಹಾಗೇ ಇದೆ. ವಿಯೆಟ್ನಾಂ 2025ರ ಜುಲೈಯಿಂದ, ಪಿಂಚಣಿಯಿಲ್ಲದ 75 ದಾಟಿದವರಿಗೆ ತಿಂಗಳಿಗೆ 5 ಲಕ್ಷ ಡಾಂಗ್ ಕೊಡುತ್ತಿದೆ. ಜನಸಂಖ್ಯೆಯಲ್ಲಿ ವೃದ್ಧರ ಪಾಲು ಇನ್ನೂ ಕಡಿಮೆಯಿರುವಾಗಲೇ ಇದನ್ನು ಆರಂಭಿಸಿದ್ದು ಮೊತ್ತಕ್ಕಿಂತ ಮುಖ್ಯ.

ಕೊರಿಯಾಕ್ಕೆ ಆ ಬಿಡುವು ಸಿಗಲಿಲ್ಲ. 65 ದಾಟಿದವರು ಜನಸಂಖ್ಯೆಯ ಶೇ 7ರಿಂದ ಶೇ 20ಕ್ಕೆ ಏರಲು ಜಪಾನಿಗೆ ಸುಮಾರು 35 ವರ್ಷ ಬೇಕಾಯಿತು. ಕೊರಿಯಾ 2000ದಲ್ಲಿ ಹೊರಟು 2024ರ ಡಿಸೆಂಬರಿನಲ್ಲೇ ಅಲ್ಲಿಗೆ ತಲುಪಿತು. ಒಬ್ಬ ಹೆಂಗಸಿಗೆ ಸರಾಸರಿ 0.72 ಮಗು ಎಂಬ 2023ರ ಜನನ ದರದಲ್ಲಿ, ಮುಂದೆ ಕಂತು ಕಟ್ಟುವವರು ಯಾರೆಂಬ ಆತಂಕವೂ ಸೇರಿಕೊಂಡಿದೆ. 2025ರ ಮಾರ್ಚಿನಲ್ಲಿ ಸಂಸತ್ತು ಕಂತನ್ನು ಸಂಬಳದ ಶೇ 9ರಿಂದ ಹಂತಹಂತವಾಗಿ ಶೇ 13ಕ್ಕೆ ಏರಿಸಲು, ಪಿಂಚಣಿಯ ಪ್ರಮಾಣವನ್ನು ಶೇ 43ಕ್ಕೆ ನಿಲ್ಲಿಸಲು ಒಪ್ಪಿತು. 1950ರ ನಂತರ ಹುಟ್ಟಿ ಕೈಯಲ್ಲಿ ಒಂದಿಷ್ಟು ಪಿಂಚಣಿ ಹಿಡಿದು ಮುಪ್ಪಿಗೆ ಬರುತ್ತಿರುವವರಲ್ಲಿ ಬಡತನ ಈಗಾಗಲೇ ಕಡಿಮೆ. ಅವರಿಗಿಂತ ಹಿರಿಯರಿಗೆ ಈ ತಿದ್ದುಪಡಿಯಿಂದ ಸಿಗುವುದು ಏನೂ ಇಲ್ಲ. ಅವರ ಪಾಲಿಗೆ ದೊಡ್ಡ ಬದಲಾವಣೆ ಬಂದದ್ದು 2021ರ ಅಕ್ಟೋಬರಿನಲ್ಲಿ: ಮಕ್ಕಳು ತುಂಬ ಸಿರಿವಂತರಾಗಿದ್ದರೆ ಹೊರತು, ಜೀವನವೆಚ್ಚದ ನೆರವಿಗೆ ಪೋಷಣೆಯ ಹೊಣೆಗಾರನ ಷರತ್ತನ್ನು ತೆಗೆದುಹಾಕಲಾಯಿತು. ವೈದ್ಯಕೀಯ ನೆರವಿಗೆ ಮಾತ್ರ ಆಗಲೂ ಅದನ್ನು ಉಳಿಸಿಕೊಳ್ಳಲಾಯಿತು.